ದಡದ ಮೀನುಬೇಟೆ: ಮತ್ಸ್ಯವಿನೋದದಿಂದ ರಂಪಣಿಯವರೆಗೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಿಗೆ ಕಡಲಿನ ನೆರೆಯಿಲ್ಲ. ಉಪ್ಪುನೀರಿನ ಮೀನು ಇಲ್ಲಿನವರಿಗೆ ಪರಿಚಿತವಾದದ್ದು ಸಂತೆಯಲ್ಲಿ ಮಾರುವ ಒಣಮೀನಿನ ರೂಪದಲ್ಲಿ. ಹಾಗಿದ್ದೂ ದಡದಲ್ಲಿ ನಿಂತು ಮೀನು ಹಿಡಿಯುವ ವಿದ್ಯೆಯ ಚರಿತ್ರೆಯನ್ನು ಬರೆಯಲು ಈ ಒಳನಾಡನ್ನು ಬಿಟ್ಟು ಕರಾವಳಿಯಿಂದಲೇ ಹೊರಡಬೇಕಾಗಿಲ್ಲ. ಆ ವಿದ್ಯೆಯ ವಿವರವಾದ ಪ್ರಾಚೀನ ದಾಖಲೆಯೊಂದು ಒಳನಾಡಿನ ಅರಸನೊಬ್ಬನದೇ ಆಗಿದೆ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ವಿನೋದವಿಂಶತಿಯಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವಿದೆ. ತುಂಗಭದ್ರೆಯ ಈ ಕಣಿವೆಯೂ ಆಗ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿತ್ತು. ಗ್ರಂಥಕಾರನು ಮೀನುಗಳನ್ನು ಕಡಲಿನವು, ಹೊಳೆಯವು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ ವಿಂಗಡಿಸುತ್ತಾನೆ. ಗಾಳ, ದಾರ, ಕೋಲುಗಳ ಲಕ್ಷಣವನ್ನು ಹೇಳುತ್ತಾನೆ. ಮೊದಲು ಮೇವುಣಿಸಿ ಮೀನನ್ನು ಆ ಜಾಗಕ್ಕೆ ರೂಢಿ ಮಾಡಿಕೊಂಡು, ಆಮೇಲೆ ಗಾಳ ಬಿಡಬೇಕೆಂಬ ಕ್ರಮವೂ ಅಲ್ಲಿದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಪ್ರತ್ಯೇಕವಾಗಿಯೇ ಬರೆದರು. ಅರಮನೆಯಲ್ಲಿ ಕುಳಿತವನಿಗೆ ಇಷ್ಟು ವಿವರ ಎಲ್ಲಿಂದ ಬಂತು? ಗಾಳ ಹಾಕಿ ಬದುಕುತ್ತಿದ್ದವರ ಬಾಯಿಂದಲೇ ಬಂದಿರಬೇಕೆಂಬುದು ನನ್ನ ಅಭಿಪ್ರಾಯ. ಅರಸನಿಗೆ ಅದು ವಿನೋದವಾಗಿತ್ತು, ಹೇಳಿಕೊಟ್ಟವರಿಗೆ ಹೊಟ್ಟೆಪಾಡಾಗಿತ್ತು. ಗ್ರಂಥದಲ್ಲಿ ಉಳಿದದ್ದು ಮಾತ್ರ ಅರಸನ ಹೆಸರು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಅಂಚಿನಲ್ಲಿ ಗಾಳ ಹಿಡಿದು ಕೂತವರನ್ನು ಮಾತನಾಡಿಸಿದಾಗ ಈ ಅಧ್ಯಾಯ ನೆನಪಾಗದೆ ಇರದು. ಎರಡು ಗುಡ್ಡಗಳ ನಡುವಿನ ಗಿಡ್ಡ ಏರಿಯೊಂದು ಇಷ್ಟು ವಿಸ್ತಾರವಾದ ನೀರನ್ನು ತಡೆದು ನಿಲ್ಲಿಸಿದೆ. ಕೆರೆಯನ್ನು ಕಟ್ಟಿಸಿದವಳು ಶಾಂತವ್ವೆಯೆಂದೂ, ನೆಲ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರನ್ನೇ ಕೆರೆಗೆ ಇಡಬೇಕೆಂದು ಕೇಳಿದರೆಂದೂ ಐತಿಹ್ಯವಿದೆ. ಸರ್ಕಾರಿ ಕಾಗದದಲ್ಲಿ ಅದು ಶಾಂತಿಸಾಗರ, ಜನರ ಬಾಯಲ್ಲಿ ಇಂದಿಗೂ ಸೂಳೆಕೆರೆ. ಜನ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಾರೆ ಎನ್ನಬೇಕು.

ಇಲ್ಲಿನ ಗಾಳಗಾರರಿಗೆ ಮಾನಸೋಲ್ಲಾಸದ ಹೆಸರು ಗೊತ್ತಿಲ್ಲ. ಆದರೆ ಹಿಟ್ಟಿನ ಉಂಡೆಯನ್ನು ಮುಂಚಿತವಾಗಿ ಎಸೆದು ಮೀನನ್ನು ಪಳಗಿಸುವುದು ಗೊತ್ತು. ಬೆಂಡು ಅಲುಗಿದ ಬಗೆಯಿಂದಲೇ ಕಚ್ಚಿದ ಮೀನು ಯಾವುದೆಂದು ಊಹಿಸುವವರಿದ್ದಾರೆ. ದಡದವನ ಕಷ್ಟವೆಂದರೆ, ಅವನು ಮೀನಿದ್ದಲ್ಲಿಗೆ ಹೋಗಲಾರ. ಮೀನೇ ಅವನಿದ್ದಲ್ಲಿಗೆ ಬರಬೇಕು. ನೀರು ಇಳಿದಾಗ ಅಂಚು ಕೆಸರಾಗಿ ದೂರ ಸರಿಯುತ್ತದೆ, ಏರಿದಾಗ ನಿನ್ನೆ ಕೂತ ಕಲ್ಲು ಮುಳುಗಿರುತ್ತದೆ. ಈ ಅನಿಶ್ಚಿತತೆಯೇ ಅದರ ಆಕರ್ಷಣೆಯೂ ಹೌದು. ಹೊನ್ನಾಳಿಯ ಬಳಿ ತುಂಗಭದ್ರೆಯ ಬೇಸಿಗೆಯ ಮಡುಗಳಲ್ಲಿ ಬೀಸುಬಲೆ ಎಸೆಯುವವರ ಅನುಭವವೂ ಬೇರೆಯಲ್ಲ. ಮಲೆನಾಡಿನ ಅಂಚಿಗಿರುವ ನ್ಯಾಮತಿಯ ಕಡೆ ಹೋದಂತೆ, ಮೊದಲ ಮಳೆಗೆ ಹಳ್ಳವೇರಿ ಬರುವ ಹತ್ತುಮೀನಿನ ಮಾತು, ಕೂಣಿಯ ಮಾತು ಕೇಳಿಬರುತ್ತವೆ. ಮೊಟ್ಟೆಯಿಡಲು ಏರುವ ಮೀನನ್ನು ಹಿಡಿಯುವುದು ಸಂತತಿಗೆ ಹಾನಿಕರವೆಂಬುದನ್ನೂ ಇಲ್ಲಿ ಹೇಳಬೇಕು. ಜಾನಪದದ ಅಭಿಮಾನದಿಂದ ಅದನ್ನು ಮುಚ್ಚಿಡಲಾಗದು. ಜಗಳೂರಿನ ಕೆರೆಗಳು ತುಂಬುವುದೇ ಅಪರೂಪವಾಗಿದ್ದುದರಿಂದ ಅಲ್ಲಿ ಈ ವಿದ್ಯೆ ನೆಲೆಯೂರಿದಂತಿಲ್ಲ.

ಒಂಟಿ ಗಾಳಗಾರನಿಂದ ಕರಾವಳಿಯ ರಂಪಣಿಗೆ ಬಂದರೆ, ಅದೇ ದಡದ ಕಾಯುವಿಕೆಯು ಇಡೀ ಊರಿನ ಕಾಯುವಿಕೆಯಾಗುವುದನ್ನು ಕಾಣುತ್ತೇವೆ. ನೀರಿನ ಬಣ್ಣ, ಹಕ್ಕಿಗಳ ಹಾರಾಟಗಳಿಂದ ಬಂಗುಡೆ, ಬೂತಾಯಿಗಳ ಹಿಂಡನ್ನು ಗುರುತಿಸಿ, ದೋಣಿಯಲ್ಲಿ ಬಲೆಯನ್ನು ಒಯ್ದು ಅರ್ಧವೃತ್ತಾಕಾರವಾಗಿ ಬಿಟ್ಟು ಬರುತ್ತಿದ್ದರು. ಎರಡೂ ತುದಿಯ ಹಗ್ಗಗಳು ದಡದಲ್ಲಿರುತ್ತಿದ್ದವು. ಎಳೆಯುವುದಕ್ಕೆ ಹತ್ತಾರು ಜನ ಬೇಕು. ದೊಡ್ಡ ಬಲೆಯಾದರೆ ನೂರರ ಹತ್ತಿರ. ಮೊಗವೀರರು, ಖಾರ್ವಿಗಳು, ಹರಿಕಂತ್ರರು ಈ ಬಲೆಯ ಸುತ್ತ ಪಾಲಿನ ವ್ಯವಸ್ಥೆಯನ್ನೇ ಕಟ್ಟಿಕೊಂಡಿದ್ದರು: ಬಲೆಗೊಂದು ಪಾಲು, ದುಡಿಮೆಗೊಂದು ಪಾಲು. ನೂಲಹುಣ್ಣಿಮೆಯಂದು ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸುವ ಸಮುದ್ರಪೂಜೆ, ಬೊಬ್ಬರ್ಯನ ಆರಾಧನೆ ಇವೆಲ್ಲ ಈ ಕೂಡುದುಡಿಮೆಯ ಬದುಕಿಗೆ ಹೆಣೆದುಕೊಂಡವು.

1970ರ ದಶಕದ ನಡುವಿನಲ್ಲಿ ಯಾಂತ್ರಿಕ ಪರ್ಸೀನ್ ದೋಣಿಗಳು ಈ ಕರಾವಳಿಗೆ ಬಂದವು. ದಡಕ್ಕೆ ಬರಬೇಕಾಗಿದ್ದ ಹಿಂಡನ್ನು ಅವು ಕಡಲೊಳಗೇ ಸುತ್ತುವರಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಬಹುತೇಕ ನಿಂತುಹೋದವು. ಹಿಡಿತದ ಪ್ರಮಾಣ ಕಡಿಮೆಯಾಗಿರಲಿಲ್ಲ, ಹಿಡಿಯುವವರು ಬದಲಾಗಿದ್ದರು. ಹಗ್ಗ ಎಳೆದು ಪಾಲು ಪಡೆಯುತ್ತಿದ್ದ ಅನೇಕರು ದೋಣಿಯ ಮೇಲಿನ ಕೂಲಿಗಳಾದರು. ಸಣ್ಣ ಪ್ರಮಾಣದ ಕೈರಂಪಣಿ ಉಡುಪಿ ಸೀಮೆಯ ಕಡಲತಡಿಯಲ್ಲಿ ಉಳಿದುಕೊಂಡಿದೆ. ಬಲೆ ಎಳೆಯುವ ಹೊತ್ತಿಗೆ ದಾರಿಹೋಕರೂ ಹಗ್ಗಕ್ಕೆ ಕೈಹಚ್ಚುವುದುಂಟು.

ಒಳನಾಡಿನ ಕೆರೆಗಳಲ್ಲೂ ಪಲ್ಲಟವಾಗಿದೆ, ಆದರೆ ಸದ್ದಿಲ್ಲದೆ. ಕಾಟ್ಲ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟು ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆ ಕೊಡುವ ಪದ್ಧತಿ ಬಂದ ಮೇಲೆ, ಅಂಚಿನಲ್ಲಿ ಕೂತ ಗಾಳಗಾರನು ಗುತ್ತಿಗೆದಾರನ ಕಣ್ಣಿಗೆ ಕಳ್ಳನಂತೆ ಕಾಣತೊಡಗಿದನು. ಸೂಳೆಕೆರೆಯ ದಡದಲ್ಲಿ ಹಿರಿಯರೊಬ್ಬರನ್ನು ಈ ಕುರಿತು ಕೇಳಿದಾಗ ಅವರು ಬೆಂಡಿನ ಮೇಲಿನ ಕಣ್ಣು ತೆಗೆಯದೆಯೇ, “ಮರಿ ಬಿಟ್ಟೋರು ಅವರು ಸ್ವಾಮಿ, ಆದ್ರೆ ನಮ್ಮ ಕೊರವ, ಬಾಳೆಮೀನ ಯಾರು ಬಿಟ್ಟಿದ್ರು?” ಎಂದರು. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿ ಅವರ ಬೆಂಡು ಮುಳುಗಿತ್ತು.