ಕೇದಗೆಯ ಕಂಪಿನೊಳಗೆ ಏನಿದೆ?

ಮುಳ್ಳಂಚಿನ ಉದ್ದನೆಯ ಎಲೆ, ಪೊದೆಯಲ್ಲಿ ಹಾವಿರುತ್ತದೆಂಬ ಹೆದರಿಕೆ. ಕೇದಗೆ ಕೀಳುವುದು ಸುಲಭವಲ್ಲ, ಆದರೂ ಹೆಣ್ಣುಮಕ್ಕಳ ಜಡೆಗೆ ಅದೇ ಬೇಕಿತ್ತು. ಕೇದಗೆಯಲ್ಲಿ ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ. ಘಮಘಮಿಸುವುದು ಗಂಡು ಹೂವು. ಹೆಣ್ಣು ಗಿಡ ಅನಾನಸಿನಂಥ ಕಾಯಿ ಬಿಡುತ್ತದೆ.

ಕೇದಗೆ ಎಣ್ಣೆಗೆ ಹೆಸರಾದದ್ದು ಒಡಿಶಾದ ಗಂಜಾಂ ಕರಾವಳಿ. ಅಲ್ಲಿ ನಸುಕಿನಲ್ಲೇ ಕೊಯ್ದ ಹೂವನ್ನು ನೀರಿನೊಂದಿಗೆ ತಾಮ್ರದ ‘ದೇಗ್’ಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಕುದಿಸುತ್ತಾರೆ. ಹಬೆ ಕೊಳವೆಯ ಮೂಲಕ ತಣ್ಣೀರಿನಲ್ಲಿಟ್ಟ ‘ಭಪ್ಕಾ’ ಪಾತ್ರೆಗೆ ಇಳಿದು ತಣಿಯುತ್ತದೆ. ಭಪ್ಕಾದಲ್ಲಿ ಶ್ರೀಗಂಧದೆಣ್ಣೆ ಇಟ್ಟಿದ್ದರೆ ಸಿಗುವುದು ಅತ್ತರು. ಬರೀ ಹೂವಿನೆಣ್ಣೆಯನ್ನು ಬೇರ್ಪಡಿಸಿದರೆ ಅದು ‘ರೂಹ್’.

ಮಲ್ಲಿಗೆಯ ಕಂಪು ಹತ್ತಾರು ರಾಸಾಯನಿಕಗಳ ಮೇಳ. ಕೇದಗೆಯದು ಹೆಚ್ಚುಕಡಿಮೆ ಒಬ್ಬನೇ ಹಾಡುಗಾರನ ಕಛೇರಿ. ಗಂಜಾಂ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇ. 65ರಿಂದ 75ರಷ್ಟು 2-ಫಿನೈಲ್‌ಈಥೈಲ್ ಮೀಥೈಲ್ ಈಥರ್ ಒಂದೇ ಇರುತ್ತದೆ. ಗುಲಾಬಿಯ ಫಿನೈಲ್‌ಈಥೈಲ್ ಆಲ್ಕೋಹಾಲ್ ಇದರ ಹತ್ತಿರದ ನೆಂಟ: ಆ ಆಲ್ಕೋಹಾಲಿಗೆ ಒಂದು ಮೀಥೈಲ್ ಗುಂಪು ಅಂಟಿದರೆ ಈ ಈಥರ್. ಇಷ್ಟು ಸಣ್ಣ ಬದಲಾವಣೆಗೆ ಗುಲಾಬಿಯ ಮೆದು ಕಂಪು ಹೋಗಿ ಮೂಗಿಗೆ ನೇರ ಹೊಡೆಯುವ ತೀಕ್ಷ್ಣತೆ ಬರುತ್ತದೆ. ಎರಡನೆಯ ಸ್ಥಾನ ಟರ್ಪಿನೆನ್-4-ಆಲ್‌ಗೆ. ಟೀ ಟ್ರೀ ಎಣ್ಣೆಯ ಮುಖ್ಯ ಅಂಶವೂ ಇದೇ.

ಬಿರಿಯಾನಿಯ ದಮ್ ಬಿಚ್ಚಿದಾಗ ಏಳುವ ಕೇವಡಾ, ಅಂದರೆ ಕೇದಗೆಯ, ವಾಸನೆಯೂ ಈ ಈಥರಿನದೇ. ಅಗ್ಗದ ಕೇವಡಾ ಬಾಟಲಿಯಲ್ಲಿ ಮಾತ್ರ ಅದು ಹೂವಿನಿಂದಲ್ಲ, ಕಾರ್ಖಾನೆಯಿಂದ ಬಂದದ್ದಿರಬಹುದು.