ಕೆಮ್ಮಣ್ಣು ಮತ್ತು ಕ್ಯಾಸೆಟ್

ಖಾನಾಪುರದ ಕೆಮ್ಮಣ್ಣಿಗೆ ಆ ಬಣ್ಣ ಕೊಟ್ಟಿರುವುದು ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಅದು ಅಯಸ್ಕಾಂತಕ್ಕೆ ಮಣಿಯುವುದು ಅತ್ಯಲ್ಪ. ಅದೇ ಪರಮಾಣುಗಳು ಬೇರೆ ರೀತಿ ಜೋಡಣೆಗೊಂಡು ಮ್ಯಾಘಮೈಟ್ ಆದಾಗ ಕಾಂತಗುಣ ಪ್ರಬಲವಾಗುತ್ತದೆ.

1928ರಲ್ಲಿ ಜರ್ಮನಿಯಲ್ಲಿ ಫ್ರಿಟ್ಜ್ ಫ್ಲೋಯ್ಮರ್ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಲೇಪಿಸಿ ಧ್ವನಿ ಮುದ್ರಿಸಿದರು. ಮುಂದೆ ಆ ಸ್ಥಾನಕ್ಕೆ ಮ್ಯಾಘಮೈಟ್ ಬಂದಿತು. 1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟಿನ ಟೇಪಿನಲ್ಲಿ, ಕೆಲವೇ ಮೈಕ್ರಾನ್ ದಪ್ಪದ ಲೇಪದೊಳಗೆ, ಅದರ ಸೂಜಿಯಾಕಾರದ ಸೂಕ್ಷ್ಮ ಕಣಗಳೇ ಧ್ವನಿಯನ್ನು ಹಿಡಿದಿಡುತ್ತಿದ್ದವು.

ವಡಗಾವಿಯ ನಮ್ಮ ಮನೆಯ ಒಂದು ಕ್ಯಾಸೆಟ್ಟಿನಲ್ಲಿ ಅವ್ವನ ಬೀಸುವ ಪದವಿದೆ. ಹಿಂದೆ ನೆರೆಮನೆಯ ಮಗ್ಗದ ಸದ್ದು. ಕಾಂತಗುಣ ಬೇಗನೆ ಅಳಿಯದು. ಕಣಗಳನ್ನು ಹಿಡಿದ ಅಂಟು ಮಾತ್ರ ತೇವಕ್ಕೆ ಕೆಡುತ್ತದೆ. ನಮ್ಮ ಮಳೆಗಾಲವೇ ಅದಕ್ಕೆ ವೈರಿ. ನಿಮ್ಮ ಟ್ರಂಕುಗಳನ್ನೂ ತೆರೆದು, ಹಿರಿಯರ ದನಿಯನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳಿರಿ.