ಕೊಂದ ರೇಡಿಯೋ, ಬೆಸೆದ ರೇಡಿಯೋ

ಕಳೆದ ಜುಮಾದ ಖುತ್ಬಾದಲ್ಲಿ ನಾವು ಸೂರಃ ಅಲ್ ಹುಜುರಾತ್‌ನ ಮೂರು ಆಜ್ಞೆಗಳನ್ನು ವಿವರಿಸಿದ್ದೆವು. ಸುದ್ದಿ ಬಂದರೆ ಪರಿಶೀಲಿಸಬೇಕು. ಒಂದು ಜನವಿಭಾಗ ಇನ್ನೊಂದನ್ನು ಅಪಹಾಸ್ಯ ಮಾಡಬಾರದು, ಕೆಟ್ಟ ಹೆಸರಿನಿಂದ ಕರೆಯಬಾರದು. ಸತ್ಯವಿಶ್ವಾಸಿಗಳ ಎರಡು ಗುಂಪುಗಳು ಕಾದಾಡಿದರೆ ಅವರ ನಡುವೆ ಸಂಧಾನ ಮಾಡಬೇಕು. ಆಗ ಉದಾಹರಣೆಯಾಗಿ ಆಫ್ರಿಕಾದ ರುವಾಂಡಾ ದೇಶದ ಹೆಸರು ಹೇಳಿದ್ದೆವು. ನಮಾಝ್ ಮುಗಿದ ಮೇಲೆ ಕೆಲವು ಯುವಕರು ಬಳಿ ಬಂದು, "ಉಸ್ತಾದ್, ಅಲ್ಲಿ ನಡೆದದ್ದೇನು?" ಎಂದು ಕೇಳಿದರು. ಖುತ್ಬಾದ ಅಲ್ಪ ಸಮಯದಲ್ಲಿ ಹೇಳಲಾಗದ ಆ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ರುವಾಂಡಾದ ಹುಟು ಮತ್ತು ಟುಟ್ಸಿ ಜನರು ಆಡುವ ಭಾಷೆ ಒಂದೇ. ಒಂದೇ ಬೆಟ್ಟದ ಮೇಲೆ ಅಕ್ಕಪಕ್ಕದಲ್ಲಿ ಬದುಕಿದವರು. ಅವರ ನಡುವೆ ಮೇಲು ಕೀಳಿನ ವ್ಯತ್ಯಾಸ ಮೊದಲೇ ಇತ್ತಾದರೂ, 1930ರ ದಶಕದಲ್ಲಿ ಬೆಲ್ಜಿಯಂನ ಆಡಳಿತ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲಿ ಜನಾಂಗವನ್ನು ಬರೆಸಿ ಅದನ್ನು ಕಲ್ಲಿನ ಗೋಡೆಯಾಗಿಸಿತು. 1990ರಲ್ಲಿ ಅಂತರ್ಯುದ್ಧ ಆರಂಭವಾದಾಗ ಆ ಗೋಡೆಯ ಎರಡೂ ಕಡೆ ಭಯ ತುಂಬಿತು.

ಆ ಭಯವನ್ನು ದ್ವೇಷವಾಗಿಸಲು 1993ರ ಜುಲೈಯಲ್ಲಿ ಒಂದು ಹೊಸ ರೇಡಿಯೋ ಕೇಂದ್ರ ಪ್ರಸಾರ ಆರಂಭಿಸಿತು. ಅದರ ಹೆಸರು ಆರ್‌ಟಿಎಲ್‌ಎಂ. ಸರಕಾರಿ ರೇಡಿಯೋದ ಗಂಭೀರ ಧ್ವನಿ ಅದಕ್ಕಿರಲಿಲ್ಲ. ಕಾಂಗೋದ ಜನಪ್ರಿಯ ಹಾಡುಗಳು, ಬೀದಿ ಮಾತು, ಹಾಸ್ಯ, ಹರಟೆ. ಯುವಕರು ಹಾಡಿಗಾಗಿ ಕಿವಿಗೊಟ್ಟರು. ಹಾಡಿನ ನಡುನಡುವೆ ಟುಟ್ಸಿಗಳನ್ನು ಜಿರಳೆಗಳು ಎಂದು ಕರೆಯಲಾಯಿತು. ಮೊದಲು ನಕ್ಕರು, ಬಳಿಕ ಅಭ್ಯಾಸವಾಯಿತು. ಜಿರಳೆಯನ್ನು ಮೆಟ್ಟುವಾಗ ಯಾರ ಮನಸ್ಸೂ ಅಳುಕುವುದಿಲ್ಲ ಎಂಬುದು ಹೇಳುವವರಿಗೆ ತಿಳಿದಿತ್ತು.

1994ರ ಏಪ್ರಿಲ್ 6ರಂದು ರಾಷ್ಟ್ರಾಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಲಾಯಿತು. ಅಂದಿನಿಂದ ಸುಮಾರು 100 ದಿನ ನರಮೇಧ ನಡೆಯಿತು. ಸತ್ತವರು ಸುಮಾರು 8 ಲಕ್ಷ ಎಂಬುದು ವಿಶ್ವಸಂಸ್ಥೆಯ ಅಂದಾಜು. ಆ ದಿನಗಳಲ್ಲಿ ರೇಡಿಯೋ ಹೆಸರುಗಳನ್ನೂ ಅಡಗಿದ ಜಾಗಗಳನ್ನೂ ಓದಿ ಹೇಳುತ್ತಿತ್ತು. ರೇಡಿಯೋ ಒಂದೇ ಕೊಂದಿತು ಎಂದರೆ ಅದು ಚರಿತ್ರೆಗೆ ಮಾಡುವ ಅನ್ಯಾಯ. ಯುದ್ಧ, ಭೂಮಿಯ ಅಭಾವ, ಅಧಿಕಾರದಾಸೆ, ಮೊದಲೇ ತಯಾರಾಗಿದ್ದ ಸಶಸ್ತ್ರ ಗುಂಪುಗಳು, ಎಲ್ಲವೂ ಕಾರಣವೇ. ಆದರೆ ಕೊಲ್ಲುವುದು ಕರ್ತವ್ಯ, ಎಲ್ಲರೂ ಅದನ್ನೇ ಮಾಡುತ್ತಿದ್ದಾರೆ ಎಂಬ ಭಾವನೆಯನ್ನು ಕಿವಿಗೆ ತುಂಬಿದ್ದು ಆ ಧ್ವನಿ.

ಇಲ್ಲಿ ನಾವು ಒಂದು ಕಹಿ ಸತ್ಯವನ್ನು ಹೇಳದೆ ಇರಲಾರೆವು. ರಾಜಧಾನಿ ಕಿಗಾಲಿಯ ನ್ಯಾಮಿರಾಂಬೊ ಪ್ರದೇಶದಲ್ಲಿ ಮುಸ್ಲಿಮರು ಹೆಚ್ಚಾಗಿದ್ದಾರೆ. ಅಲ್ಲಿನ ಅನೇಕರು ಟುಟ್ಸಿ ನೆರೆಯವರನ್ನು ಮನೆಗಳಲ್ಲಿ ಅಡಗಿಸಿ ಕಾಪಾಡಿದರು. ಅದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ದ್ವೇಷ ಕಾರುತ್ತಿದ್ದ 'ಕಂಗುರಾ' ಪತ್ರಿಕೆಯ ಸಂಪಾದಕ ಹಸನ್ ಎನ್ಗೆಜೆ ಕೂಡಾ ಮುಸ್ಲಿಮನೇ. 2003ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಆತನನ್ನೂ ರೇಡಿಯೋ ಸ್ಥಾಪಕರಲ್ಲಿ ಇಬ್ಬರನ್ನೂ ಅಪರಾಧಿಗಳೆಂದು ತೀರ್ಪಿತ್ತಿತು. ಮೇಲ್ಮನವಿಯ ಬಳಿಕ ಆತನಿಗೆ 35 ವರ್ಷಗಳ ಸೆರೆವಾಸ ಖಾಯಂ ಆಯಿತು. ಹೆಸರು ಹಸನ್ ಎಂದಿದ್ದ ಮಾತ್ರಕ್ಕೆ ಲೇಖನಿ ಶುದ್ಧವಾಗುವುದಿಲ್ಲ.

ಇನ್ನು ಔಷಧದ ಕಥೆ. ನರಮೇಧ ನಡೆದು ಹತ್ತು ವರ್ಷಗಳ ಬಳಿಕ, 2004ರಲ್ಲಿ, ಅದೇ ದೇಶದ ರೇಡಿಯೋದಲ್ಲಿ ಒಂದು ಧಾರಾವಾಹಿ ನಾಟಕ ಆರಂಭವಾಯಿತು. ಅದರ ಹೆಸರು 'ಮುಸೆಕೆವೆಯಾ', ಅಂದರೆ ಹೊಸ ಬೆಳಗು. ಎರಡು ಬೆಟ್ಟಗಳ ಎರಡು ಕಾಲ್ಪನಿಕ ಹಳ್ಳಿಗಳ ನಡುವೆ ಭೂಮಿಗಾಗಿ ಜಗಳ. ಜನರನ್ನು ಎತ್ತಿಕಟ್ಟುವ ನಾಯಕರು. ಎದುರಾಳಿ ಹಳ್ಳಿಗಳ ಹುಡುಗ, ಹುಡುಗಿಗೆ ಮದುವೆಯಾಗುವ ಆಸೆ. ನಾಯಕರನ್ನು ಧಿಕ್ಕರಿಸಿ ಶಾಂತಿಗಾಗಿ ಒಂದಾಗುವ ಯುವಕರು. ಹುಟು, ಟುಟ್ಸಿ ಎಂಬ ಪದಗಳೇ ಅದರಲ್ಲಿಲ್ಲ. ಆದರೂ ಪ್ರತಿ ಕೇಳುಗನಿಗೂ ಅದು ತನ್ನದೇ ಕಥೆ ಎಂದು ತಿಳಿಯಿತು.

ಇದನ್ನು ತಯಾರಿಸಿದ ಸಂಸ್ಥೆ ತನ್ನ ಹೆಸರನ್ನು ಪಡೆದದ್ದು ಬೋಸ್ನಿಯಾದ ಸರಯೇವೊ ನಗರದ ಲಾ ಬೆನೆವೊಲೆನ್ಸಿಯಾ ಎಂಬ ಯಹೂದಿ ಸೇವಾಸಂಘದಿಂದ. 1992ರಿಂದ ಆ ನಗರ ಮುತ್ತಿಗೆಯಲ್ಲಿ ನರಳಿದಾಗ ಆ ಸಂಘ ಮುಸ್ಲಿಮರು, ಕ್ರೈಸ್ತರು ಎಂದು ನೋಡದೆ ಎಲ್ಲರಿಗೂ ಔಷಧ, ಆಹಾರ ಹಂಚಿತ್ತು. ನಮ್ಮ ಸಹೋದರರು ಉಂಡ ಆ ಅನ್ನದ ಋಣವನ್ನು ನಾವು ಮರೆಯಬಾರದು.

ನಾಟಕದಿಂದ ಏನಾಯಿತು? ಎಲಿಜಬೆತ್ ಲೆವಿ ಪಾಲಕ್ ಎಂಬ ಸಂಶೋಧಕಿ ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಗುಂಪುಗಳಿಗೆ ಒಂದು ವರ್ಷ ಈ ನಾಟಕ, ಇನ್ನು ಕೆಲವಕ್ಕೆ ಆರೋಗ್ಯದ ಕುರಿತ ಬೇರೊಂದು ನಾಟಕ ಕೇಳಿಸಲಾಯಿತು. ಆಶ್ಚರ್ಯವೆಂದರೆ, ಜನರ ಒಳಗಿನ ನಂಬಿಕೆಗಳು ಹೆಚ್ಚು ಬದಲಾಗಲಿಲ್ಲ. ಬದಲಾದದ್ದು, ಸಮಾಜದಲ್ಲಿ ಹೇಗೆ ನಡೆಯುವುದು ಸರಿ ಎಂಬ ತಿಳುವಳಿಕೆ ಮತ್ತು ಬಾಯಿ ತೆರೆಯುವ ಧೈರ್ಯ. ಕೊನೆಗೆ ಪ್ರತಿ ಗುಂಪಿಗೂ ಒಂದು ಟೇಪ್ ರೆಕಾರ್ಡರ್ ಮತ್ತು ಕ್ಯಾಸೆಟ್‌ಗಳನ್ನು ಕೊಟ್ಟರು. ಆರೋಗ್ಯದ ನಾಟಕ ಕೇಳಿದವರು ಸಾಮಾನ್ಯವಾಗಿ ಅದನ್ನು ಊರಿನ ಮುಖಂಡನ ಕೈಗೆ ಒಪ್ಪಿಸಿ ಸುಮ್ಮನಾದರು. 'ಮುಸೆಕೆವೆಯಾ' ಕೇಳಿದವರು ಮಾತ್ರ ಚರ್ಚಿಸಿದರು, ಆಕ್ಷೇಪಿಸಿದರು, ನಾವೇ ಸೇರಿ ನೋಡಿಕೊಳ್ಳುತ್ತೇವೆ ಎಂದರು. ಹೇಳಿದ್ದಕ್ಕೆಲ್ಲ ತಲೆಯಾಡಿಸಿ ನಡೆದುಹೋದ ನರಮೇಧದ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ.

ಓದುಗರೇ, ಈ ಚರಿತ್ರೆ ನಮ್ಮನ್ನು ಚುಚ್ಚಿದ್ದು ಒಂದು ಕಾರಣಕ್ಕೆ. ಕೆಲವು ತಿಂಗಳ ಹಿಂದೆ ನಮ್ಮ ಜಮಾಅತಿನ ವಾಟ್ಸಾಪ್ ಗುಂಪಿನಲ್ಲಿ ಒಂದು ತಮಾಷೆಯ ವಿಡಿಯೋ ಬಂತು. ಅದರಲ್ಲಿ ಬೇರೆ ಸಮುದಾಯದವರನ್ನು ಪ್ರಾಣಿಯ ಹೆಸರಿನಿಂದ ಕರೆಯಲಾಗಿತ್ತು. ನಾವು ನೋಡಿದೆವು, ಏನೂ ಬರೆಯಲಿಲ್ಲ. ಎರಡು ದಿನಗಳ ಬಳಿಕ ಮದ್ರಸಾದ ಒಬ್ಬ ಬಾಲಕ ಮಸೀದಿಯ ಅಂಗಳದಲ್ಲಿ ಅದೇ ಹೆಸರನ್ನು ನಗುತ್ತಾ ಹೇಳಿದ. ಇಮಾಮರೇ ಸುಮ್ಮನಿದ್ದಾರೆಂದರೆ ಅದು ತಪ್ಪಲ್ಲ ಎಂದು ಅವನು ಭಾವಿಸಿದ್ದರೆ, ಆ ತಪ್ಪು ಅವನದ್ದಲ್ಲ. ಕಳೆದ ಜುಮಾದಲ್ಲಿ ಮಿಂಬರ್‌ನಲ್ಲಿ ನಿಂತು ಅದನ್ನು ಒಪ್ಪಿಕೊಂಡೆವು.

ನಮ್ಮ ವಿರುದ್ಧ ಹರಡುವ ದ್ವೇಷದ ಕುರಿತು ನಾವು ದೂರುತ್ತೇವೆ, ಅದು ನ್ಯಾಯವೇ. ಆದರೆ ಧರ್ಮದ ಹೆಸರಿನಲ್ಲಿ ರಕ್ತಕ್ಕೆ ಕರೆಯುವವರೂ ಇಂದು ಹಾಡು ಮತ್ತು ಚಿತ್ರಗಳ ಮೂಲಕವೇ ನಮ್ಮ ಮಕ್ಕಳ ಬಳಿಗೆ ಬರುತ್ತಾರೆ. ಮೊಬೈಲ್ ಕಸಿದುಕೊಂಡರೆ ಸಾಲದು. ಕಥೆ ಬರೆಯಬಲ್ಲ, ನಾಟಕ ಆಡಬಲ್ಲ, ವಿಡಿಯೋ ತಯಾರಿಸಬಲ್ಲ ನಮ್ಮ ಹುಡುಗ ಹುಡುಗಿಯರಿಗೆ ಬೆನ್ನು ತಟ್ಟೋಣ. ಪ್ರವಾದಿವರ್ಯರು(ಸ) ಕವಿ ಹಸ್ಸಾನ್ ಬಿನ್ ಸಾಬಿತ್‌ರಿಗೆ(ರ) ಮಸೀದಿಯಲ್ಲೇ ಮಿಂಬರ್ ಇರಿಸಿದ್ದರು. ಮತ್ತು ಮುಂದಿನ ಬಾರಿ ಕೆಟ್ಟ ಹೆಸರೊಂದು ನಮ್ಮ ಗುಂಪಿಗೆ ಬಂದಾಗ, ಯಾರಾದರೂ ಒಬ್ಬರು, ಮೊದಲು ನಾವೇ, "ಇದು ಸರಿಯಲ್ಲ" ಎಂದು ಬರೆಯೋಣ.

ಅಲ್ಲಾಹನು ನಮ್ಮ ನಾಲಗೆಯನ್ನೂ ಬೆರಳುಗಳನ್ನೂ ಕೆಡುಕಿನಿಂದ ಕಾಪಾಡಲಿ, ಆಮೀನ್.